ಹೆಬ್ಬೆರಳಿನಷ್ಟು ದೂರ

ಅಡುಗೆಮನೆಯ ಹಿಂಭಾಗದಲ್ಲಿ ಒಂದು ಉಕ್ಕಿನ ಮೇಜು. ಅದರ ಮೇಲೆ ಒಂದೇ ಒಂದು ಕೆಂಪು ಮೀನು. ಮೀನಿನ ಪಕ್ಕದಲ್ಲಿ, ಅದರ ಜೊತೆಗೇ ಮಲಗಿ ನಿದ್ದೆಹೋದಂತೆ, ಮೊಳದುದ್ದದ ಮರದ ಕೋಲು. ಉಪ್ಪುನೀರು ಕುಡಿದು ಕುಡಿದು ಕೋಲಿನ ಮೈ ಕಪ್ಪಾಗಿದೆ. ಬುಡಕ್ಕೆ ಹಿತ್ತಾಳೆಯ ಟೋಪಿ. ಮಧ್ಯಾಹ್ನದ ಊಟದ ಹೊತ್ತು ಮುಗಿದು ಸಂಜೆಯದು ಇನ್ನೂ ಶುರುವಾಗದ ನಡುವಣ ಬೆಳಕು ಕಿಟಕಿಯಿಂದ ಇಳಿದು ಬಂದು ಮೀನಿನ ಕಣ್ಣಿನ ಮೇಲೆ ನಿಂತಿದೆ. ಬೋರಲು ಹಾಕಿದ ಪಾತ್ರೆಗಳಿಂದ ನೀರು ತೊಟ್ಟಿಕ್ಕುವುದೂ ನಿಂತಿದೆ. ಮೇಜಿನ ಒಂದು ಅಂಚಿನಲ್ಲಿ ಹೆಂಗಸಿನ ಕೈ, ಇನ್ನೊಂದು ಅಂಚಿನಲ್ಲಿ ಗಂಡಸಿನ ಕೈ. ಎರಡೂ ಅಲುಗುತ್ತಿಲ್ಲ.

"ಚಿಕ್ಕದು," ಎಂದಳು ಅವಳು.

ಆ ಹೋಟೆಲಿನ ಒಡತಿಯೂ ಅವಳೇ, ಮುಖ್ಯ ಅಡುಗೆಯವಳೂ ಅವಳೇ. ನಲವತ್ತಕ್ಕೆ ಒಂದು ವರ್ಷ ಕಡಿಮೆ. ನಿಂತೇ ಉಂಡು, ನಿಂತೇ ಚಹಾ ಕುಡಿದು, ಕುಳಿತುಕೊಳ್ಳುವುದು ಹೇಗೆಂಬುದನ್ನು ಮೊಣಕಾಲುಗಳೇ ಮರೆತಿದ್ದವು.

ಎದುರಿಗಿದ್ದವನು ಶೀತಲಗೃಹದ ವ್ಯಾಪಾರಿ. ವಾರಕ್ಕೆ ಮೂರು ಸಲ ಮಂಜುಗಡ್ಡೆಯಲ್ಲಿ ಮೀನು ಕಳಿಸುವ ಕರಾರುಪತ್ರ ತಂದಿದ್ದ. ಅದನ್ನು ಓದಿ ಮುಗಿಸಿದ್ದ ಅವಳ ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದ. ಬರುವ ಗಿರಾಕಿಗಳನ್ನು ನೋಡಿಕೊಳ್ಳುವುದು ಅಣ್ಣನ ಕೆಲಸ. ನಾಲ್ಕು ವರ್ಷಗಳಿಂದ ಅವನು ಹೆಚ್ಚಾಗಿ ಮಾಡಿದ್ದು ಒಂದೇ: "ಇವತ್ತು ಮೀನಿಲ್ಲ" ಎಂದು ನಗುಮುಖದಲ್ಲಿ ಹೇಳಿ ಜನರನ್ನು ವಾಪಸು ಕಳಿಸಿದ್ದು.

ಮೀನಿಲ್ಲದ್ದಕ್ಕೆ ಕಾರಣ ಗೋಡೆಯ ಮೇಲಿನ ಕಪ್ಪು ಹಲಗೆಯಲ್ಲೇ ಇತ್ತು: ಮೂವತ್ತು ಸೆಂಟಿಮೀಟರಿಗಿಂತ ಚಿಕ್ಕ ಕೆಂಪು ಮೀನು ಇಲ್ಲಿ ಬೇಯುವುದಿಲ್ಲ. ಅಷ್ಟುದ್ದ ಬೆಳೆಯದ ಮೀನು ಒಂದು ಸಲವೂ ಮೊಟ್ಟೆಯಿಟ್ಟಿರುವುದಿಲ್ಲ. ಅದನ್ನು ಬಡಿಸುವುದೆಂದರೆ ನಾಳೆಯನ್ನೇ ತಟ್ಟೆಗೆ ಹಾಕಿದಂತೆ ಎನ್ನುತ್ತಿದ್ದರು ಅಪ್ಪ. ಆ ಕೋಲನ್ನು ಕೆತ್ತಿದವರು ಅವರೇ, ಮೂವತ್ತಕ್ಕೆ ಗೀರು ಹಾಕಿದವರೂ ಅವರೇ. ಮೀನಿನ ಮೂತಿಯನ್ನು ಕೋಲಿನ ಬುಡಕ್ಕೆ ಸರಿಯಾಗಿ ಇಟ್ಟರೆ ಬಾಲದ ತುದಿ ಆ ಗೀರನ್ನು ಮುಟ್ಟಬೇಕು. ಮುಟ್ಟದಿದ್ದರೆ ಅದು ಅಡುಗೆಮನೆಯ ಮೀನಲ್ಲ, ಸಮುದ್ರದ ಮೀನು.

"ಮೀನಿನ ಪೆಟ್ಟಿಗೆಯ ಚೀಟಿಯಲ್ಲಿ ಮೂವತ್ತು ಅಂತಿದೆ ಮೇಡಂ," ಎಂದ ವ್ಯಾಪಾರಿ. "ನಮ್ಮ ಮೀನಿನ ಮೇಲೆ ಬೇಕಾದ್ರೆ ನೂರು ಅನುಮಾನ ಪಡಿ. ಈ ಪಟ್ಟಿಯ ಮೇಲೆ ಪಡಬೇಡಿ."

ಅವನು ಚೀಲದಿಂದ ಉಕ್ಕಿನ ಅಳತೆಪಟ್ಟಿ ತೆಗೆದು ಮೀನಿನ ಪಕ್ಕಕ್ಕಿಟ್ಟ. ಮೂವತ್ತು. ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಅವಳು ಪಟ್ಟಿಯನ್ನು ಕಸಿದುಕೊಂಡಂತೆ ತೆಗೆದುಕೊಂಡು ಕೋಲಿನ ಪಕ್ಕಕ್ಕಿಟ್ಟಳು. ಗೀರು ಮೂವತ್ತರಲ್ಲಿರಲಿಲ್ಲ, ಮೂವತ್ತೆರಡರಲ್ಲಿತ್ತು. ಮತ್ತೆ ಇಟ್ಟಳು. ಮೂವತ್ತೆರಡೇ.

ಮೂಲೆಯಲ್ಲಿ ಕತ್ತಿ ಮಸೆಯುತ್ತಿದ್ದ ಚಿಕ್ಕಮ್ಮ ಎದ್ದು ಬಂದು ಕನ್ನಡಕ ಏರಿಸಿ ನೋಡಿದರು. "ಮೊದಲು ಈ ಟೋಪಿ ಎಲ್ಲಿತ್ತು ಇದಕ್ಕೆ?" ಎಂದರು. "ಬುಡ ಕೊಳೀತಿದೆ, ನನ್ನ ಮಗಳ ಕಾಲಕ್ಕೂ ಬರಬೇಕು ಅಂತ ನಿಮ್ಮಪ್ಪ ಕೊನೆಯ ದಿನಗಳಲ್ಲಿ ಕೂತು ಹಾಕಿದ್ರಲ್ಲ. ಕೈ ನಡುಗೋದು, ಆದ್ರೂ ಯಾರಿಗೂ ಕೊಡಲಿಲ್ಲ."

ಗಟ್ಟಿ ಹಿತ್ತಾಳೆಯ ಟೋಪಿ. ಅದರ ತಳವೇ ಒಂದು ಹೆಬ್ಬೆರಳಿನಷ್ಟು ದಪ್ಪ. ಟೋಪಿ ಹಾಕಿದ ಅಪ್ಪ ಗೀರನ್ನು ಕೆಳಗಿಳಿಸಲು ಮರೆತಿದ್ದರು.

ಅವಳು ಕುಳಿತುಬಿಟ್ಟಳು... ಎಷ್ಟೋ ವರ್ಷಗಳ ಮೇಲೆ, ಕೆಲಸದ ಹೊತ್ತಿನಲ್ಲಿ.

ಹಾಗಾದರೆ ಅವನು ತಂದಿದ್ದ ಮೀನು?

ಅವನೆಂದರೆ ನೀಲಿ ದೋಣಿಯವನು. ಏಳು ವರ್ಷಗಳ ಹಿಂದೆ ಇದೇ ಮೇಜಿನ ಮೇಲೆ ತನ್ನ ಮೊದಲ ಬುಟ್ಟಿ ಇಳಿಸಿದ್ದ. ಅವಳು ಒಂದೊಂದೇ ಮೀನನ್ನು ಕೋಲಿಗೆ ಹಿಡಿದು ನೋಡುವುದನ್ನು ಕಂಡು, "ಅಂಗಿ ಹೊಲಿಸ್ತೀರಾ ಇವಕ್ಕೆ?" ಎಂದಿದ್ದ. ಅವಳಿಗೆ ಸಿಟ್ಟು ಬಂದಿತ್ತು, ಅಪ್ಪನಿಗೆ ನಗು. ಬಲೆ ಎಳೆಯದೆ ಗಾಳದಲ್ಲಿ ಒಂದೊಂದಾಗಿ ಹಿಡಿಯುವವನೆಂದು ತಿಳಿದ ಮೇಲಂತೂ ಅಪ್ಪನಿಗೆ ಅವನು ಮನೆಯವನೇ ಆದ. ಅದೇ ಮರದ ತುಂಡಿನಿಂದ ಇನ್ನೊಂದು ಕೋಲು ಕೆತ್ತಿ, ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಅಳತೆಗೆ ಗೀರು ಹಾಕಿ ಅವನ ಕೈಗೆ ಕೊಟ್ಟಿದ್ದರು.

ಆಮೇಲೆ ಮೂರು ವರ್ಷ ಅವನು ಹಿಂಬಾಗಿಲಿನಿಂದ ಬಂದ, ಬೋರಲು ಹಾಕಿದ ಡಬ್ಬದ ಮೇಲೆ ಕುಳಿತು ಚಹಾ ಕುಡಿದ. ಸಮುದ್ರದ ಸುದ್ದಿ ಹೇಳುತ್ತಿದ್ದ. ಅವಳು ಒಲೆಯ ಸುದ್ದಿ ಹೇಳುತ್ತಿದ್ದಳು. 'ನೀವು' ಎನ್ನುವುದು ಯಾವ ದಿನ 'ನೀನು' ಆಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ಅಪ್ಪ ತೀರಿಕೊಂಡಾಗ ಅವನು ಹೇಳಿದ್ದ: "ಸ್ವಲ್ಪ ದಿನ ಹೋಗಲಿ. ನಿನ್ನ ಹತ್ರ ಒಂದು ಮಾತು ಕೇಳೋದಿದೆ."

ಹೋದದ್ದು ಎರಡೇ ವಾರ. ಅವನು ಹನ್ನೆರಡು ಮೀನು ತಂದ. ಹನ್ನೆರಡೂ ಗೀರಿಗೆ ಹೆಬ್ಬೆರಳಿನಷ್ಟು ಕಡಿಮೆ ಬಿದ್ದವು.

ಅಪ್ಪ ಕಣ್ಣು ಮುಚ್ಚಿದ ಕೂಡಲೇ ಇವನೂ ಎಲ್ಲರಂತಾದನೇ ಎಂದು ಅವಳ ಎದೆ ಉರಿದಿತ್ತು. ಅಣ್ಣನ ಎದುರಿಗೆ, ಚಿಕ್ಕಮ್ಮನ ಎದುರಿಗೆ ಹೇಳಿದ್ದಳು: "ನಿಮ್ಮ ಮೀನು ನಮಗೆ ಬೇಡ."

"ಇನ್ನೊಂದು ಸಲ ಅಳೆದು ನೋಡು," ಎಂದಿದ್ದ ಅವನು.

"ಅಪ್ಪನ ಕೋಲು ಸುಳ್ಳು ಹೇಳಲ್ಲ."

ಅವನು ಕೋಲಿನ ಕಡೆ ಬಹಳ ಹೊತ್ತು ನೋಡಿದ್ದ. ತಪ್ಪಿತಸ್ಥನ ಮೌನ ಎಂದುಕೊಂಡಿದ್ದಳು ಅವಳು. ಬುಟ್ಟಿ ಎತ್ತಿಕೊಂಡು ಹೊರಟುಹೋದ. ಹಿಂಬಾಗಿಲನ್ನು ಮುಚ್ಚಲಿಲ್ಲ, ಅದು ಅವತ್ತೆಲ್ಲ ಗಾಳಿಗೆ ಬಡಿದುಕೊಳ್ಳುತ್ತಲೇ ಇತ್ತು. ಕಪ್ಪು ಹಲಗೆಯ ಮೇಲಿದ್ದ 'ನೀಲಿ ದೋಣಿಯ ಮೀನು' ಎಂಬ ಸಾಲನ್ನು ಅವಳು ಒದ್ದೆ ಬಟ್ಟೆಯಿಂದ ಒರೆಸಿ ಹಾಕಿದ್ದಳು.

ವ್ಯಾಪಾರಿ ಕೆಮ್ಮಿದ. ಅವಳು ತಲೆಯೆತ್ತದೆಯೇ ಕೇಳಿದಳು: "ಈ ಒಂದು ಮೀನಿನ ಜೊತೆ ಬಲೆಗೆ ಬಿದ್ದ ಚಿಕ್ಕವು ಎಲ್ಲಿ ಹೋದ್ವು?"

"ಅದನ್ನ ಯಾರೂ ಕೇಳಲ್ಲ ಮೇಡಂ."

ಅವನು ಕೆಟ್ಟವನಾಗಿರಲಿಲ್ಲ. ಅವನೂ ದಣಿದಿದ್ದ.

ಅಣ್ಣ ಕರಾರುಪತ್ರವನ್ನು ನಾಲ್ಕಾಗಿ ಮಡಚಿದ. ತಂಗಿಯ ಮುಖ ನೋಡಿದ ಮೇಲೆ ಅವನಿಗೆ ಗಟ್ಟಿಯಾಗಿ ಮಾತಾಡಲಾಗಲಿಲ್ಲ. ನಾಳೆ ಮಧ್ಯಾಹ್ನದವರೆಗೆ ಕಾಯುತ್ತೇನೆ, ಅಷ್ಟರೊಳಗೆ ಒಲೆಯ ಮೇಲೆ ಮೀನಿದ್ದರೆ ಸರಿ, ಇಲ್ಲದಿದ್ದರೆ ಸಹಿ ಹಾಕಿ ಹಲಗೆ ಇಳಿಸುತ್ತೇನೆ ಎಂದ. ಅವಳು ಬೇಡವೆನ್ನಲಿಲ್ಲ. ಬೇಡವೆನ್ನುವುದಕ್ಕೂ ಬಲ ಬೇಕು.

ದೋಣಿಗಳು ನಿಲ್ಲುವ ಕಟ್ಟೆಗೆ ಅಲ್ಲಿಂದ ಹತ್ತು ನಿಮಿಷದ ದಾರಿ. ನಾಲ್ಕು ವರ್ಷಗಳಿಂದ ಅವಳು ಸುತ್ತುಬಳಸಿ ಬೇರೆ ಬೀದಿಯಲ್ಲಿ ಓಡಾಡಿದ್ದಳು. ಇವತ್ತು ಕೋಲನ್ನು ಕಂಕುಳಲ್ಲಿಟ್ಟುಕೊಂಡು ನೇರ ದಾರಿಯಲ್ಲೇ ಹೋದಳು. ಏನು ಹೇಳುವುದು? ಕ್ಷಮಿಸು ಎಂದೇ? ನಾಲ್ಕು ವರ್ಷಕ್ಕೆ ಆ ಒಂದು ಪದ ಸಾಲುತ್ತದೆಯೇ?

ತಗಡಿನ ಶೆಡ್ಡಿನಲ್ಲಿ ಅವನು ಗಾಳಗಳಿಗೆ ದಾರ ಕಟ್ಟುತ್ತಾ ಕುಳಿತಿದ್ದ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿದ, ಕೈ ಒಂದು ಕ್ಷಣ ನಿಂತಿತು, ಮತ್ತೆ ಗಂಟು ಬಿಗಿಯಿತು.

"ಬಾಗಿಲಲ್ಲಿ ನಿಲ್ಲಬೇಡ. ಬೆಳಕು ಅಡ್ಡ ಆಗುತ್ತೆ," ಎಂದ. ನಿನ್ನೆ ತಾನೇ ಬಂದು ಹೋದವಳಿಗೆ ಹೇಳುವಂತೆ.

ಅವಳು ಒಳಗೆ ಬಂದು ಕೋಲನ್ನು ಅವನ ಮುಂದಿಟ್ಟಳು. "ಎರಡು ಸೆಂಟಿಮೀಟರ್."

"ಗೊತ್ತು."

"ಯಾವಾಗಿಂದ?"

"ಅವತ್ತಿಂದ."

ನಾಚಿಕೆಯಿಂದ ಬಂದವಳಿಗೆ ಇದ್ದಕ್ಕಿದ್ದಂತೆ ಕೋಪ ಉಕ್ಕಿತು. "ಗೊತ್ತಿದ್ದೂ ಸುಮ್ಮನಿದ್ಯಾ? ಬಂದ ಮೀನೆಲ್ಲ ಗೀರಿಗೆ ಸಾಲದೆ, ಹಸಿದು ಬಂದವರನ್ನ ವಾಪಸ್ ಕಳಿಸಿ... ದಿನಾ ನನ್ನನ್ನೇ ನಾನು ಬೈಕೊಂಡಿದ್ದೀನಿ. ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವನು ಗಾಳವನ್ನು ಕೆಳಗಿಟ್ಟ. ನಿಧಾನವಾಗಿ, ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡದ್ದನ್ನು ಹೇಳುವವನಂತೆ ಹೇಳಿದ. ಅಪ್ಪ ಆ ಟೋಪಿ ಹಾಕುವಾಗ ಪಕ್ಕದಲ್ಲಿ ದೀಪ ಹಿಡಿದವನು ತಾನೇ. ಹಾಕಿ ಮುಗಿಸಿದ ಮೇಲೆ ಅವರು ಮಗುವಿನಂತೆ ನಕ್ಕಿದ್ದರು, ಇನ್ನು ನನ್ನ ಮಗಳಿಗೆ ಕೋಲಿನ ಚಿಂತೆಯಿಲ್ಲ ಎಂದಿದ್ದರು. ಗೀರಿನ ವಿಷಯ ಅವರಿಗೂ ಹೊಳೆಯಲಿಲ್ಲ, ತನಗೂ ಹೊಳೆಯಲಿಲ್ಲ.

"ಅವರ ಕೈಯಿಂದಾದ ಕೊನೇ ಕೆಲಸ ಅದು," ಎಂದ. "ಹೋಗಿ ಎರಡು ವಾರ ಆಗಿತ್ತು. ಅದೇ ತಪ್ಪು ಅಂತ ನಿನ್ನ ಮುಖ ನೋಡಿ ಹೇಗೆ ಹೇಳಲಿ?"

ಅವಳು ಹಿತ್ತಾಳೆಯ ಟೋಪಿಯನ್ನು ಬೆರಳಿನಿಂದ ಸವರಿದಳು.

"ಅಷ್ಟೇ ಅಂತ ಹೇಳಿದ್ರೆ ಸುಳ್ಳಾಗುತ್ತೆ," ಎಂದು ಅವನು ಮುಂದುವರಿಸಿದ. "ಸಿಟ್ಟೂ ಇತ್ತು. ಇನ್ನೊಂದು ಸಲ ಅಳೆದು ನೋಡು ಅಂದೆ. ನೀನು ಅಳೀಲಿಲ್ಲ. 'ನಿಮ್ಮ ಮೀನು' ಅಂದೆ. ಆ 'ನಿಮ್ಮ' ಇದೆಯಲ್ಲ, ಅದು ಇನ್ನೂ ಗಂಟಲಲ್ಲಿ ಮುಳ್ಳಾಗಿ ಕೂತಿದೆ."

ಗೋಡೆಯ ಮೊಳೆಗೆ ಅವನ ಕೋಲು ತೂಗುತ್ತಿತ್ತು. ಅವಳು ಅದನ್ನು ಇಳಿಸಿ ತನ್ನ ಕೋಲಿನ ಪಕ್ಕದಲ್ಲಿಟ್ಟಳು. ಒಂದೇ ಮರದ ಎರಡು ತುಂಡು. ಅವನದಕ್ಕೆ ಟೋಪಿಯಿರಲಿಲ್ಲ. ಆದರೆ ಗೀರುಗಳು ಎರಡಿದ್ದವು. ಒಂದು ಅಪ್ಪನ ಕೈಯದು, ಹಳೆಯದು. ಅದರಿಂದ ಹೆಬ್ಬೆರಳಿನಷ್ಟು ಮೇಲೆ ಇನ್ನೊಂದು.

"ಇದು?"

ಅವನು ದಾರದ ಉಂಡೆಯನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತ.

"ನಿನ್ನ ಅಳತೆ," ಎಂದ ಕೊನೆಗೆ. "ಅವತ್ತೇ ಹಾಕಿದೆ. ಅದಕ್ಕಿಂತ ಚಿಕ್ಕದು ಸಿಕ್ಕಿದ್ರೆ ಬಿಟ್ಟುಬಿಡ್ತೀನಿ. ನೀನು ಯಾವತ್ತಾದ್ರೂ ಮತ್ತೆ ಅಳೆಯೋಕೆ ಬಂದ್ರೆ ಕಡಿಮೆ ಬೀಳಬಾರದಲ್ಲ."

ನಾಲ್ಕು ವರ್ಷ. ಅಪ್ಪ ಒಪ್ಪುವ ಮೀನುಗಳನ್ನು, ಅವಳೊಬ್ಬಳು ಒಪ್ಪುವುದಿಲ್ಲವೆಂದು, ಗಾಳದಿಂದ ಬಿಡಿಸಿ ನೀರಿಗೆ ಬಿಟ್ಟಿದ್ದ. ಯಾರೂ ನೋಡದ ಕಡೆಯಲ್ಲಿ, ಯಾರಿಗೂ ಹೇಳದೆ.

ಅವಳ ಕಣ್ಣಲ್ಲಿ ನೀರು ತುಂಬಿತು, ಆದರೆ ಅಳುವಷ್ಟು ಶಕ್ತಿಯೂ ಇರಲಿಲ್ಲ. "ನಂಗೆ ತುಂಬ ಸುಸ್ತಾಗಿದೆ," ಎಂದಳು.

"ನಂಗೂ."

ಇಬ್ಬರೂ ಕುಳಿತರು. ಕತ್ತಲಾಗುವ ಮುನ್ನ ಅವಳು ನಾಳೆ ಮಧ್ಯಾಹ್ನದ ಗಡುವಿನ ಮಾತನ್ನೂ ಹೇಳಿದಳು. ಸಮುದ್ರದ ಪರವಾಗಿ ಮಾತು ಕೊಡಲಾರೆ, ನನ್ನ ಪರವಾಗಿ ಕೊಡುತ್ತೇನೆ ಎಂದಷ್ಟೇ ಅವನು ಹೇಳಿದ.

ಮರುದಿನ ಹತ್ತು ಗಂಟೆಗೆ ಬುಟ್ಟಿ ಮೇಜಿನ ಮೇಲಿತ್ತು. ಹದಿನಾಲ್ಕು ಮೀನು. ಅಣ್ಣ ತಾನೇ ಅಂಗಿಯ ತೋಳು ಮಡಚಿ ಅಳೆಯಲು ನಿಂತ. ಹದಿನಾಲ್ಕರ ಬಾಲವೂ ಹಳೆಯ ಗೀರನ್ನೇ ಮುಟ್ಟಿತು, ಟೋಪಿಯ ಸಮೇತ. ಗಾಳದಲ್ಲೇ ಹಿಡಿಯುವ ಇನ್ನೆರಡು ದೋಣಿಯವರು ಅಳತೆ ಸರಿಯಾದರೆ ತರಲು ಸಿದ್ಧರಿದ್ದಾರೆ ಎಂದ ಬುಟ್ಟಿ ತಂದವನು. ಇಷ್ಟು ದಿನ ಆ ಹೋಟೆಲಿನ ಕೋಲಿಗೆ ಹೆದರಿ ಅವರು ಇತ್ತ ತಲೆಹಾಕಿರಲಿಲ್ಲವಂತೆ.

"ಅಪ್ಪ ಟೋಪಿ ಹಾಕಿದ್ದು ಕೋಲಿಗಲ್ಲ, ನಮಗೆ," ಎಂದ ಅಣ್ಣ. ಬಹಳ ದಿನಗಳ ಮೇಲೆ ಆ ಅಡುಗೆಮನೆಯಲ್ಲಿ ಚಿಕ್ಕಮ್ಮನ ನಗು ಕೇಳಿಸಿತು. ಕರಾರುಪತ್ರ ಮಡಚಿದಂತೆಯೇ ಅಣ್ಣನ ಜೇಬಿನಲ್ಲಿ ಉಳಿಯಿತು.

ಟೋಪಿ ತೆಗೆದುಬಿಡೋಣವೇ ಎಂದು ಕೇಳಿದವರೂ ಚಿಕ್ಕಮ್ಮನೇ. ಅವಳು ಬೇಡವೆಂದಳು. ಚಾಕುವನ್ನು ನೀಲಿ ದೋಣಿಯವನ ಕೈಗೆ ಕೊಟ್ಟಳು. ಅಪ್ಪನ ಗೀರಿನಿಂದ ಹೆಬ್ಬೆರಳಿನಷ್ಟು ಕೆಳಗೆ, ಮೂವತ್ತಕ್ಕೆ ಸರಿಯಾಗಿ, ಅವನು ಹೊಸ ಗೀರು ಹಾಕಿದ. ಈಗ ಎರಡು ಕೋಲಿಗೂ ಎರಡೆರಡು ಗೀರು.

ಅಣ್ಣ ಊಟದ ಕೋಣೆಗೆ ಹೋದ. ಚಿಕ್ಕಮ್ಮ ಏನೋ ನೆನಪಾದವರಂತೆ ಸೌಟು ಹುಡುಕುತ್ತಾ ಅವನ ಹಿಂದೆಯೇ ಹೋದರು. ಸೌಟು ಅವರ ಕೈಯಲ್ಲೇ ಇತ್ತು.

ಅವನು ಖಾಲಿ ಬುಟ್ಟಿ ಎತ್ತಿಕೊಂಡ. ಸಮುದ್ರದ ಇಳಿತ ಶುರುವಾಗುವ ಮುಂಚೆ ದೋಣಿ ತಿರುಗಿಸಬೇಕಿತ್ತು.

"ಒಂದು ಮಾತು ಕೇಳೋದಿದೆ ಅಂದಿದ್ದೆ," ಎಂದಳು ಅವಳು, ಒಲೆಯ ಕಡೆ ಮುಖ ಮಾಡಿಕೊಂಡೇ.

"ಹೂಂ."

"ಕೇಳಲೇ ಇಲ್ಲ."

ಅವನು ಬಾಗಿಲ ಬಳಿ ನಿಂತ. "ಊರವರಿಗೆಲ್ಲ ಅಡುಗೆ ಮಾಡಿ ಮುಗಿಸ್ತೀಯಲ್ಲ, ಆಮೇಲೆ ನಿನಗೆ ಯಾರು ಮಾಡಿಕೊಡ್ತಾರೆ?"

"ಯಾರೂ ಇಲ್ಲ. ಉಳಿದದ್ದನ್ನ ನಿಂತ್ಕೊಂಡೇ ತಿಂತೀನಿ."

"ಅದೇ ಕೇಳೋದಿತ್ತು. ನಾನು ಮಾಡಿಕೊಡ್ಲಾ? ನೀನು ಕೂತ್ಕೋ."

ಅವಳು ತಿರುಗಿದಳು. "ಎಷ್ಟು ದಿನ?"

"ನೀನು ಸಾಕು ಅನ್ನೋವರೆಗೂ."

"ನಾನು ಅನ್ನಲ್ಲ," ಎಂದಳು. ಸ್ವಲ್ಪ ತಡೆದು ಹೇಳಿದಳು: "ಸಂಜೆ ಬೇಗ ಬಾ. ಮತ್ತೆ... ಹುಷಾರು."

ಅವನು ತಲೆಯಾಡಿಸಿದ. ಆ ಹಿಂಬಾಗಿಲು ಉಪ್ಪುಗಾಳಿಗೆ ಉಬ್ಬಿ ವರ್ಷಗಳೇ ಆಗಿದ್ದವು; ಒಂದು ಚೂರು ಎತ್ತಿ ಎಳೆದರೆ ಮಾತ್ರ ಮುಚ್ಚುತ್ತಿತ್ತು. ಅದನ್ನು ಅವನು ಮರೆತಿರಲಿಲ್ಲ. ಹೊರಗೆ ಹೋದ ಮೇಲೆ ಬಾಗಿಲು ಮೆಲ್ಲನೆ ಮೇಲೆದ್ದಿತು, ಸದ್ದಿಲ್ಲದೆ ಚೌಕಟ್ಟಿಗೆ ಕೂತಿತು.