ಗೋಲ್‌ಕೀಪರ್ ಬಿದ್ದಾಗಲೆಲ್ಲ

"ಎಲ್ಲಿ ನೋವು?" ಅಂತ ಅವಳು ಕೇಳಿದಳು.

"ಎಲ್ಲೂ ಇಲ್ಲ," ಅಂದ ಅವನು, ಇನ್ನೇನು ಪ್ರಾಣವೇ ಹೋಗುತ್ತೆ ಅನ್ನುವ ಹಾಗೆ ಮುಖ ಹಿಂಡಿಕೊಂಡು.

ಫಿಸಿಯೋಗೆ ತಲೆಬುಡ ಅರ್ಥವಾಗಲಿಲ್ಲ. ಈ ತಂಡ ಸೇರಿದ ಮೇಲೆ ಅವಳಿಗಿದು ಮೊದಲನೇ ಮ್ಯಾಚ್. ಅಲ್ಲಿಯವರೆಗೆ ಒಂದು ಕ್ಲಿನಿಕ್‌ನಲ್ಲಿ ವಯಸ್ಸಾದವರ ಮಂಡಿ ನೋವು ನೋಡಿಕೊಂಡು ತನ್ನ ಪಾಡಿಗೆ ತಾನಿದ್ದವಳು. ಗೋಲ್‌ಕೀಪರ್ ದೊಪ್ಪನೆ ಬಿದ್ದಿದ್ದೇ ತಡ, ಬ್ಯಾಗ್ ಎತ್ತಿಕೊಂಡು ಎದ್ದೆನೋ ಬಿದ್ದೆನೋ ಅಂತ ಓಡಿ ಬಂದಿದ್ದಳು. ಬಂದು ನೋಡಿದರೆ ಈ ಮಹಾನುಭಾವ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಅವಳನ್ನೇ ನೋಡುತ್ತಾ ಮಲಗಿದ್ದಾನೆ.

"ನೋವಿಲ್ಲ ಅಂದ್ರೆ ಬಿದ್ದಿದ್ದು ಯಾಕೆ?"

"ಕೋಚ್ ಟೋಪಿ ತೆಗೆದ್ರಲ್ಲ. ಅವರು ಟೋಪಿ ತೆಗೆದ್ರೆ ನಾನು ಬೀಳ್ಬೇಕು. ನಿಮಗೆ ಯಾರೂ ಹೇಳಲಿಲ್ವಾ ಡಾಕ್ಟ್ರೇ?"

"ನಾನು ಡಾಕ್ಟರ್ ಅಲ್ಲ. ಫಿಸಿಯೋ."

"ಕಾಲು ಒತ್ತಿ ಫಿಸಿಯೋ ಡಾಕ್ಟ್ರೇ. ರೆಫರಿ ಇತ್ತಲೇ ನೋಡ್ತಿದ್ದಾನೆ."

ಅವಳು ತಿರುಗಿ ನೋಡಿದಳು. ಅತ್ತ ಗೆರೆಯ ಹತ್ತಿರ ತಂಡದವರೆಲ್ಲ ಕೋಚ್ ಸುತ್ತ ನೆರೆದು ಗಟಗಟ ನೀರು ಕುಡಿಯುತ್ತಿದ್ದರು. ಕೋಚ್ ಗಾಳಿಯಲ್ಲಿ ಬೆರಳಾಡಿಸುತ್ತಾ ಯಾರು ಎಲ್ಲಿ ನಿಲ್ಲಬೇಕು ಅಂತ ಬೈದು ಬುದ್ಧಿ ಹೇಳುತ್ತಿದ್ದ. ವಿಷಯ ಇಷ್ಟೇ. ಬೇರೆ ಯಾವ ಆಟಗಾರನಿಗೆ ಮೈದಾನದಲ್ಲಿ ಉಪಚಾರ ಮಾಡಿದರೂ ಅವನು ಸ್ವಲ್ಪ ಹೊತ್ತು ಗೆರೆ ದಾಟಿ ಆಚೆ ನಿಲ್ಲಬೇಕು. ಗೋಲ್‌ಕೀಪರ್‌ಗೆ ಮಾತ್ರ ಆ ನಿಯಮವಿಲ್ಲ. ಅವನು ಏಳುವವರೆಗೆ ಆಟವೇ ಕಾದು ನಿಲ್ಲುತ್ತದೆ. ಅಷ್ಟರಲ್ಲಿ ಉಳಿದವರು ಉಸಿರು ತೆಗೆದುಕೊಳ್ಳಬಹುದು.

"ಇದು ಮೋಸ ಅಲ್ವಾ?"

"ಅವರ ಮೊಣಕೈ ನೋಡಿದ್ರಾ? ನಮ್ಮ ಹುಡುಗರ ಪಕ್ಕೆಲುಬು ನೋಡಿದ್ರಾ? ಆಮೇಲೆ ಹೇಳಿ ಯಾವುದು ಮೋಸ ಅಂತ."

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಮೀನಖಂಡ ಹಿಡಿದು ಹೆಬ್ಬೆರಳಿನಿಂದ ಬಲವಾಗಿ ಅದುಮಿದಳು. ಈ ಸಲ ಅವನು ನಿಜವಾಗಿಯೇ ಅಮ್ಮಾ ಅಂದ. ರೆಫರಿಗೆ ಪೂರ್ತಿ ನಂಬಿಕೆ ಬಂತು.

ತಂಡದ ಕಷ್ಟವೂ ಸುಳ್ಳಲ್ಲ ಬಿಡಿ. ನೆಲಕ್ಕೆ ಅಂಟಿದ ಹಾಗೆ ಚೆಂಡು ಉರುಳಿಸುತ್ತಾ, ಒಬ್ಬರ ಕಾಲಿಂದ ಇನ್ನೊಬ್ಬರ ಕಾಲಿಗೆ ಮಾತಾಡಿಕೊಂಡ ಹಾಗೆ ದಾಟಿಸುವ ಸಣಕಲು ಹುಡುಗರು ಅವರು. ನೋಡುವವರಿಗೆ ಕಣ್ಣಿಗೆ ಹಬ್ಬ. ಆದರೆ ಎದುರಾಳಿಗಳಿಗೆ ಕಣ್ಣಿನ ಹಬ್ಬ ಬೇಕಿರಲಿಲ್ಲ. ಭುಜಕ್ಕೆ ಭುಜ ಕೊಟ್ಟು ಗುದ್ದು, ಚೆಂಡನ್ನು ಆಕಾಶಕ್ಕೆ ಎತ್ತು, ಕೆಳಗಿದ್ದವರನ್ನು ತುಳಿದುಕೊಂಡು ಹೋಗು, ಇಷ್ಟೇ ಅವರ ವಿದ್ಯೆ. ಅರ್ಧ ಆಟ ಮುಗಿಯುವಷ್ಟರಲ್ಲಿ ನಮ್ಮ ಹುಡುಗರು ಹಿಂಡಿದ ಬಟ್ಟೆ ಆಗಿರುತ್ತಿದ್ದರು. ಇಡೀ ತಂಡದಲ್ಲಿ ಉದ್ದಕ್ಕಿದ್ದವನು ಗೋಲ್‌ಕೀಪರ್ ಒಬ್ಬನೇ. ಎಲ್ಲರೂ ಅವನನ್ನು ಲಂಬೂ ಅಂತಲೇ ಕರೆಯುತ್ತಿದ್ದರು.

ಹೀಗಾಗಿ ಬಲಿಷ್ಠರ ಎದುರು ಆಡುವಾಗಲೆಲ್ಲ ಕೋಚ್ ಟೋಪಿ ತೆಗೆಯುವುದು, ಲಂಬೂ ಬೀಳುವುದು, ಫಿಸಿಯೋ ಓಡುವುದು ರೂಢಿಯಾಯಿತು. ಸುತ್ತ ಸಾವಿರಾರು ಜನ ಶಿಳ್ಳೆ ಹೊಡೆಯುತ್ತಿರುವಾಗ ಗೋಲು ಕಂಬಗಳ ನಡುವೆ ಇವರಿಬ್ಬರ ಪುಟ್ಟ ಸಂಸಾರ.

"ಇವತ್ತು ಯಾರ ಮೇಲೆ ಕೋಪ ಡಾಕ್ಟ್ರೇ?"

"ನಿಮ್ಮ ಮೇಲೇ. ಯಾವ ಕಾಲು ಇವತ್ತು?"

"ಎಡಗಾಲು ಅನ್ಕೊಳ್ಳಿ. ಕೂದಲು ಬೇರೆ ಥರ ಕಟ್ಟಿದ್ದೀರಲ್ಲ?"

"ರೆಫರಿ ಬರ್ತಿದ್ದಾನೆ. ನರಳಿ."

ಅವನು ನರಳುತ್ತಿದ್ದ. ಅವಳು ತುಟಿ ಕಚ್ಚಿ ನಗು ತಡೆದುಕೊಂಡು ಐಸ್ ಇಡುತ್ತಿದ್ದಳು. ಅವಳ ಮುಂಗೈ ಮೇಲೆ ಬಿಳಿ ಪಟ್ಟಿ ಸುತ್ತಿದ ಅವನ ಬೆರಳು ತಾಗಿಯೂ ತಾಗದ ಹಾಗೆ ಇರುತ್ತಿತ್ತು. ಹೀಗಿರುವಾಗ ಒಂದು ಮ್ಯಾಚ್‌ನಲ್ಲಿ, ನೋವಿನ ಮುಖ ಮಾಡಿಕೊಂಡೇ ಅವನು ಹೇಳಿಬಿಟ್ಟ.

"ನೀವು ಆ ಬೆಂಚ್ ಮೇಲೆ ಇಲ್ಲ ಅಂದ್ರೆ ನಂಗೆ ಆಡೋಕೆ ಮನಸ್ಸೇ ಬರಲ್ಲ. ನಿಜ."

ಅವಳ ಕೈಯಲ್ಲಿದ್ದ ಐಸ್ ಜಾರಿತು. ಅವನು ಎದ್ದು ಕುಂಟುತ್ತಾ ಹೋದ. ಆ ಕುಂಟುವುದು ಸುಳ್ಳು ಅಂತ ಅವಳಿಗೆ ಗೊತ್ತಿತ್ತು. ಹಾಗಾದರೆ ಹೇಳಿದ್ದು?

ಅವಳ ಗೊಂದಲ ಶುರುವಾಗಿದ್ದೇ ಅಲ್ಲಿಂದ. ಮೈದಾನದಲ್ಲಿ ಅಷ್ಟು ಮಾತಾಡುವವನು ಮೆಟ್ಟಿಲ ಮೇಲೆ ಎದುರಾದರೆ "ನಮಸ್ಕಾರ ಡಾಕ್ಟ್ರೇ" ಅಂತ ಗೋಡೆಗೆ ಹೇಳಿ ತಲೆ ತಗ್ಗಿಸಿ ಸರಿದುಬಿಡುತ್ತಿದ್ದ. ಟ್ರೀಟ್‌ಮೆಂಟ್ ರೂಮಿನಲ್ಲಿ ಬೆರಳಿಗೆ ಪಟ್ಟಿ ಸುತ್ತಿಸಿಕೊಳ್ಳುವಾಗ ಕಿವಿಯೆಲ್ಲ ಕೆಂಪು ಮಾಡಿಕೊಂಡು ಸೀಲಿಂಗ್ ಫ್ಯಾನ್ ನೋಡುತ್ತಿದ್ದ. ಒಂದು ದಿನ ಅವಳೇ ಧೈರ್ಯ ಮಾಡಿದಳು.

"ಅವತ್ತು ಒಂದು ಮಾತು ಹೇಳಿದ್ರಲ್ಲ."

"ಯಾವ ಮಾತು?"

"ಮನಸ್ಸೇ ಬರಲ್ಲ ಅಂತ."

ಪಕ್ಕದ ಮೇಜಿನ ಮೇಲೆ ತೊಡೆಗೆ ಐಸ್ ಇಟ್ಟುಕೊಂಡು ಮಲಗಿದ್ದ ಕ್ಯಾಪ್ಟನ್ ತಲೆ ಎತ್ತಿದ. ಲಂಬೂ ಫ್ಯಾನ್ ಕಡೆ ತಿರುಗಿದ. "ಓ, ಅದು ಮ್ಯಾಚ್‌ನಲ್ಲಿ ಹೇಳಿದ್ದಲ್ವಾ," ಅಂದವನೇ, ಪಟ್ಟಿ ಪೂರ್ತಿ ಸುತ್ತುವ ಮೊದಲೇ ಎದ್ದು ಹೋದ.

ಮ್ಯಾಚ್‌ನಲ್ಲಿ ಹೇಳಿದ್ದು ಅಂದರೆ? ಮ್ಯಾಚ್‌ನಲ್ಲಿ ಅವನು ಮಾಡುವುದೆಲ್ಲ ನಾಟಕ ತಾನೇ? ಅಥವಾ ಇಲ್ಲಿ ಕಿವಿ ಕೆಂಪು ಮಾಡಿಕೊಳ್ಳುವುದು ನಾಟಕವೋ? ಅವಳು ಎರಡನ್ನೂ ತೂಗಿ ತೂಗಿ ಸುಸ್ತಾದಳು.

ಮನೆಯಲ್ಲಿ ಅಕ್ಕ ಇದ್ದಳು. ಟೈಲರ್. ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಲೋಕದ ವ್ಯವಹಾರವನ್ನೆಲ್ಲ ತೀರ್ಮಾನ ಮಾಡುವವಳು. ಎಲ್ಲ ಕೇಳಿ ಪಿನ್ನು ತೆಗೆದು, "ಸಾವಿರ ಜನದ ಮುಂದೆ ಪ್ರೀತಿ, ಮೆಟ್ಟಿಲ ಮೇಲೆ ನಮಸ್ಕಾರ. ಇವನ್ಯಾವ ಸೀಮೆ ಗಂಡಸೇ?" ಅಂದಳು.

"ಅದೇ ಗೊತ್ತಾಗ್ತಿಲ್ಲ ಅಕ್ಕ."

"ಅವನ ವಿಷಯ ಬಿಡು. ನಿಂಗೆ ಅವನು ಇಷ್ಟಾನಾ?"

"ಅದೂ ಗೊತ್ತಾಗ್ತಿಲ್ಲ."

"ಅದು ಸುಳ್ಳು," ಅಂತ ಅಕ್ಕ ಮತ್ತೆ ಪಿನ್ನು ಕಚ್ಚಿದಳು. ಅಕ್ಕ ಹೇಳಿದ್ದು ಸರಿಯಾಗಿತ್ತು. ಅವಳಿಗೆ ಅವನು ತುಂಬಾ ಇಷ್ಟವಾಗಿದ್ದ. ಆದರೆ ಆಟಕ್ಕೆ ಆಡಿದ ಮಾತನ್ನು ನಿಜ ಅಂತ ನಂಬಿ ಊರವರ ಮುಂದೆ ನಗೆಪಾಟಲಾಗುವುದು ಅವಳಿಗೆ ಬೇಕಿರಲಿಲ್ಲ.

ಸೀಸನ್ನಿನ ಕೊನೆಯ ಮ್ಯಾಚ್ ಬಂತು. ಡ್ರಾ ಆದರೂ ಸಾಕು, ತಂಡ ಮೇಲಿನ ಡಿವಿಷನ್‌ನಲ್ಲಿ ಉಳಿಯುತ್ತಿತ್ತು. ಸೋತರೆ ಕೆಳಗೆ. ಎದುರಿಗಿದ್ದದ್ದು ಎಲ್ಲರಿಗಿಂತ ದಾಂಡಿಗರ ತಂಡ. ಅವರ ಸ್ಟ್ರೈಕರ್ ಒಬ್ಬ ಇದ್ದ, ನಮ್ಮ ಹುಡುಗರು ಅವನಿಗೆ ಗೂಳಿ ಅಂತಲೇ ಹೆಸರಿಟ್ಟಿದ್ದರು. ಆಟ ಮುಗಿಯುವ ಹೊತ್ತಿಗೆ ಎರಡೂ ಕಡೆ ಒಂದೊಂದು ಗೋಲು. ನಮ್ಮವರಲ್ಲಿ ಇಬ್ಬರು ಕುಂಟುತ್ತಾ ಆಚೆ ಬಂದಿದ್ದರು, ಒಬ್ಬನ ಮೂಗು ಒಡೆದಿತ್ತು. ಬದಲಿ ಆಟಗಾರರನ್ನೆಲ್ಲ ಕೋಚ್ ಆಗಲೇ ಇಳಿಸಿಬಿಟ್ಟಿದ್ದ. ಇನ್ನು ಕೆಲವು ನಿಮಿಷ ಹಲ್ಲು ಕಚ್ಚಿ ನಿಂತರೆ ಆಯಿತು.

ಆಗ ಅವರಿಗೊಂದು ಕಾರ್ನರ್ ಸಿಕ್ಕಿತು. ಮೂಲೆಯಿಂದ ಒದ್ದ ಚೆಂಡು ಮೇಲಿಂದ ಬಂತು, ಲಂಬೂ ಜಿಗಿದು ಎರಡೂ ಕೈಯಲ್ಲಿ ಹಿಡಿದ. ಗೂಳಿಯ ಮಂಡಿ ಅವನ ಕಿವಿಯ ಹಿಂದೆ ಬಡಿಯಿತು. ಇಬ್ಬರೂ ಬಿದ್ದರು. ಚೆಂಡು ಮಾತ್ರ ಲಂಬೂ ಎದೆಯಲ್ಲೇ ಇತ್ತು. ರೆಫರಿ ಸೀಟಿ ಊದಿದ.

ಕೋಚ್ ತಲೆ ಮೇಲೆ ಟೋಪಿ ಹಾಗೇ ಇತ್ತು. ಆದರೂ ಅವಳು ಓಡಿದಳು. ಅವಳು ಹತ್ತಿರ ಬರುವಷ್ಟರಲ್ಲಿ ಅವನು ಎದ್ದು ಕೂತಿದ್ದ.

"ನೋವಿದೆಯಾ?"

"ಇಲ್ಲ. ಏನಿಲ್ಲ."

"ಯಾರ ಮೇಲೆ ಆಡ್ತಿದ್ದೀವಿ ಹೇಳಿ," ಅಂತ ನೆನಪು ಪರೀಕ್ಷಿಸಿದಳು.

"ಗೂಳಿ ತಂಡದ ಮೇಲೆ," ಅಂದ. ಸರಿಯಾಗಿಯೇ ಹೇಳಿದ. ಆಮೇಲೆ ಅವಳ ಮುಖವನ್ನು ನೆಟ್ಟಗೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ. "ನೀವು ಹೊಸದಾಗಿ ಸೇರಿದ್ರಾ?"

ಅವಳಿಗೆ ಪಿತ್ತ ನೆತ್ತಿಗೇರಿತು. ಇಂಥ ಹೊತ್ತಿನಲ್ಲೂ ತಮಾಷೆಯೇ? ಹಿಂದಿನಿಂದ ರೆಫರಿ, "ಸಾಕು ನಿಮ್ಮ ನಾಟಕ, ವರ್ಷವಿಡೀ ನೋಡಿದ್ದೀನಿ, ಏಳಯ್ಯ," ಅಂದ. ಕೋಚ್ ಗೆರೆಯ ಆಚೆಯಿಂದ ಕೂಗಿದ. "ಬಿಡಮ್ಮಾ, ಟೈಮ್ ಕಳೀತಿದ್ದಾನೆ, ಅವನಿಗೆ ಗೊತ್ತು." ಕ್ಯಾಪ್ಟನ್ ಬಂದು, "ಶಭಾಷ್ ಲಂಬೂ, ಇನ್ನೂ ಸ್ವಲ್ಪ ಎಳಿ," ಅಂತ ಪಿಸುಗುಟ್ಟಿದ. ಇಡೀ ಮೈದಾನದಲ್ಲಿ ಒಬ್ಬನಾದರೂ ನಂಬಲಿಲ್ಲ. ನಂಬುವುದು ಹೇಗೆ? ಬಿದ್ದಾಗಲೆಲ್ಲ ಸುಳ್ಳೇ ಬಿದ್ದವನು.

ಅವಳು ಅವನ ಗಲ್ಲ ಹಿಡಿದು ಮುಖ ಎತ್ತಿದಳು. ಅವನು ನೋಡಿದ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತವರನ್ನು ನೋಡುತ್ತಾರಲ್ಲ, ಹಾಗೆ. ಅಷ್ಟು ಹತ್ತಿರದಲ್ಲಿದ್ದರೂ ಅವನ ಕಿವಿ ಕೆಂಪಾಗಲಿಲ್ಲ. ಕಣ್ಣು ಫ್ಯಾನು ಹುಡುಕಲಿಲ್ಲ, ಗೋಡೆ ಹುಡುಕಲಿಲ್ಲ. ಆ ಕಣ್ಣಿನಲ್ಲಿ ಅವಳು ಯಾರೂ ಆಗಿರಲಿಲ್ಲ.

ಇಷ್ಟು ದಿನ, ನರಳುವಾಗಲೂ ಸುಳ್ಳು ಹೇಳುವಾಗಲೂ ಅವನ ಕಣ್ಣಿನಲ್ಲಿ ಏನೋ ಒಂದು ಇತ್ತು. ಅದು ಇದೆ ಅಂತ ಅವಳಿಗೆ ತಿಳಿದದ್ದು ಅದು ಇಲ್ಲವಾದಾಗ. ಹಾಗಾದರೆ ಅವನು ಹೇಳಿದ್ದೆಲ್ಲ ನಿಜ. ಮೈದಾನದ ಮಾತೂ ನಿಜ, ಮೆಟ್ಟಿಲ ಮೇಲಿನ ನಾಚಿಕೆಯೂ ನಿಜ. ತಲೆಗೆ ಬಿದ್ದ ಈ ಪೆಟ್ಟೂ ನಿಜ. ಸಂತೋಷಪಡಬೇಕೋ ಗೋಳೋ ಅನ್ನಬೇಕೋ ತಿಳಿಯದೆ ಒಂದು ಕ್ಷಣ ಹಾಗೇ ಕೂತಳು.

ಆಮೇಲೆ ಎದ್ದು ನಿಂತು, ಬೆಂಚ್ ಕಡೆ ತಿರುಗಿ ಎರಡೂ ಕೈಯನ್ನು ಒಂದರ ಸುತ್ತ ಒಂದು ತಿರುಗಿಸಿದಳು. ಇವನನ್ನು ಆಚೆ ಕರೆದುಕೊಂಡು ಹೋಗಬೇಕು ಅಂತ ಅದರ ಅರ್ಥ.

ಕೋಚ್‌ಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. "ಏನಮ್ಮಾ ಮಾಡ್ತಿದ್ದೀಯ? ಬದಲಿ ಯಾರೂ ಇಲ್ಲ. ತಂಡ ಮುಳುಗುತ್ತೆ."

"ಮುಳುಗಲಿ. ಸ್ಟ್ರೆಚರ್ ಕಳಿಸಿ."

ಗೂಳಿಗಳ ಎದುರು ಹತ್ತು ಜನ ಉಳಿದರು. ತಂಡದಲ್ಲೇ ಕುಳ್ಳನಾದ ಹುಡುಗನೊಬ್ಬ ಲಂಬೂನ ಗ್ಲೌಸ್ ಹಾಕಿಕೊಂಡು ಗೋಲಿನಲ್ಲಿ ನಿಂತ. ಆ ಗ್ಲೌಸ್ ಅವನ ಮೊಣಕೈವರೆಗೂ ಬರುತ್ತಿತ್ತು. ಆಂಬುಲೆನ್ಸ್ ಗೇಟು ದಾಟುವಾಗ ಮೈದಾನದಿಂದ ದೊಡ್ಡ ಸದ್ದು ಕೇಳಿತು. ಯಾರ ಸದ್ದು ಅಂತ ಅವಳು ತಿರುಗಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಮಾರನೆಯ ಮಧ್ಯಾಹ್ನ ಆಸ್ಪತ್ರೆಯ ಗೇಟಿನವರೆಗೆ ಬಂದು ಅವಳು ಎರಡು ಸಲ ಹಿಂದೆ ತಿರುಗಿದಳು. ತಲೆಯೊಳಗೆ ರಕ್ತ ಒಸರಿತ್ತು, ಸಮಯಕ್ಕೆ ಸರಿಯಾಗಿ ತಂದಿರಿ ಅಂತ ದೊಡ್ಡ ಡಾಕ್ಟರು ಹೇಳಿದ್ದರು. ಆದರೆ ಬೀದಿಯಲ್ಲಿ ಜನ ತಂಡ ಮುಳುಗಿಸಿದ್ದು ಇವಳೇ ಅಂತ ಹೇಳುತ್ತಿದ್ದರು. ಅವನೂ ಹಾಗೇ ಅಂದರೆ? ವರ್ಷವಿಡೀ ಪೆಟ್ಟು ತಿಂದು ಕಾಪಾಡಿದ್ದನ್ನು ನೀನು ಕೈ ತಿರುಗಿಸಿ ಹಾಳು ಮಾಡಿದೆ ಅಂತ ಕೇಳಿದರೆ?

ಜನರಲ್ ವಾರ್ಡ್. ಉದ್ದಕ್ಕೂ ಮಂಚ, ಮಂಚಕ್ಕೊಬ್ಬ ರೋಗಿ, ರೋಗಿಗಿಬ್ಬರು ನೆಂಟರು. ಅವನ ತಾಯಿ ಸ್ಟೂಲು ಬಿಟ್ಟುಕೊಟ್ಟು, "ಕೂತ್ಕೋಮ್ಮ, ಬಿಸಿನೀರು ತರ್ತೀನಿ," ಅಂತ ಫ್ಲಾಸ್ಕ್ ಹಿಡಿದು ಹೋದರು. ಅವನು ಅವಳನ್ನು ಕಂಡದ್ದೇ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡ. ಕಿವಿ ಕೆಂಪಾಯಿತು. ಅವಳಿಗೆ ಅಲ್ಲೇ ಅಳು ಬಂತು, ಹೇಗೋ ತಡೆದುಕೊಂಡಳು.

"ಸೋತ್ವಂತೆ," ಅಂದ.

"ಹ್ಞೂಂ."

"ನಾನು ಇದ್ದಿದ್ರೆ ಆ ಗೋಲು ತಡೀತಿದ್ನಾ?"

ಸುಳ್ಳು ಹೇಳಬಹುದಿತ್ತು. ಇಬ್ಬರ ನಡುವೆ ಸುಳ್ಳು ಸಾಕಾಗಿತ್ತು. "ತಡೀತಿದ್ರಿ," ಅಂದಳು. "ಇನ್ನೊಂದು ಪೆಟ್ಟು ಬಿದ್ದಿದ್ರೆ ನೀವೇ ಇರ್ತಿರಲಿಲ್ಲ. ನಂಗೆ ತಂಡಕ್ಕಿಂತ ನೀವು ಹೆಚ್ಚು ಅನ್ನಿಸ್ತು. ಅದು ಫಿಸಿಯೋ ಆಗಿ ಮಾಡಿದ್ನೋ, ಏನಾಗಿ ಮಾಡಿದ್ನೋ ನಂಗೇ ಗೊತ್ತಿಲ್ಲ. ಬೈಯೋದಿದ್ರೆ ಬೈದುಬಿಡಿ."

ಅವನ ಕಣ್ಣಿಂದ ನೀರು ಇಳಿದು ದಿಂಬಿಗೆ ಹೋಯಿತು. ಪಕ್ಕದ ಮಂಚದ ಅಜ್ಜ ಕನ್ನಡಕ ಸರಿಮಾಡಿಕೊಂಡು ಇತ್ತಲೇ ತಿರುಗಿ ಮಲಗಿದರು. ಈ ಸಲ ಲಂಬೂ ಅಜ್ಜನಿಗೂ ಹೆದರಲಿಲ್ಲ.

"ಯಾರಾದ್ರೂ ಕೇಳಿಸ್ಕೋತಾರೆ ಅಂದ್ರೆ ನಂಗೆ ಬಾಯೇ ಬರಲ್ಲ ಡಾಕ್ಟ್ರೇ. ಅಲ್ಲಿ ಆ ಗಲಾಟೆಯಲ್ಲಿ ಯಾರಿಗೂ ಕೇಳಿಸ್ತಿರಲಿಲ್ಲ, ಅದಕ್ಕೆ ಹೇಳ್ತಿದ್ದೆ. ಈಗ ಕೇಳಿಸಿದ್ರೆ ಕೇಳಿಸಲಿ. ನಾನು ನಿಮ್ಮನ್ನ ಪ್ರೀತಿಸ್ತೀನಿ."

ಅವಳು ಹೊದಿಕೆ ಮೇಲಿದ್ದ ಅವನ ಕೈ ಹಿಡಿದುಕೊಂಡಳು. ಅವನು ಮೂಗು ಏರಿಸಿಕೊಳ್ಳುತ್ತಾ ಅವಳನ್ನು ನೋಡಿದ.

"ತಂಡ ಕೆಳಗೆ ಹೋಯ್ತು ಅಂತ ಹೊಟ್ಟೆ ಉರೀತಿದೆ. ನೀವು ಬಂದ್ರಲ್ಲ ಅಂತ ಕುಣಿಯೋ ಹಾಗೂ ಆಗ್ತಿದೆ. ಎರಡೂ ಒಟ್ಟಿಗೆ ಹೇಗೆ ಆಗುತ್ತೆ? ತಲೆಗೆ ಪೆಟ್ಟು ಬಿದ್ದಿದ್ದಕ್ಕಾ?"

"ಇಲ್ಲ," ಅಂದಳು ಅವಳು. ಅವಳ ಕಣ್ಣೂ ತುಂಬಿತ್ತು. "ನನ್ನ ತಲೆಗೆ ಏನೂ ಬಿದ್ದಿಲ್ಲ. ನಂಗೂ ಹಾಗೇ ಆಗ್ತಿದೆ."