ಹೊಸ್ತಿಲ ಬಳಿಯ ಸ್ಲಿಪ್ಪರ್

ಪೆಟ್ಟಿಗೆ ಖಾಲಿ!

ಮಾದರಿ ಇಡುವ ಕೋಣೆಯ ಬಾಗಿಲು ತೆರೆದ ಸರ್ಫರಾಜ್ ಹೊಸ್ತಿಲಲ್ಲೇ ನಿಂತ. ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನ ಈ ಕಾರ್ಖಾನೆಯಲ್ಲಿ ಅವನೇ ತಯಾರಿಸಿದ ಹೃದಯದ ವಾಲ್ವ್‌ನ ಮಾದರಿ ಬೆಳಗಾಗುವುದರೊಳಗೆ ಮಾಯ! ಮಧ್ಯಾಹ್ನ ಜಪಾನಿನ ಮಾಲೀಕರು ಬರುತ್ತಾರೆ. ಮಾದರಿ ಮೆಚ್ಚಿದರೆ ಹೊಸ ಘಟಕದ ಬಂಡವಾಳ ಇಲ್ಲಿಗೆ, ಇಲ್ಲದಿದ್ದರೆ ವಿಯೆಟ್ನಾಮಿಗೆ. ಜಪಾನಿನ ದುಡ್ಡು ಏಷ್ಯಾದ ತನ್ನ ನೆರೆನಾಡುಗಳಿಗೆ ಹರಿದಾಗ ಏನಾಗುತ್ತದೆಂದು ಇಲ್ಲಿಯವರು ಕಂಡಿದ್ದರು. ಅಲ್ಲಿ ಊರಿಗೂರೇ ಎದ್ದು ನಿಂತಿತ್ತು, ಇಲ್ಲಿ ಒಂದು ವಿಭಾಗಕ್ಕೆ ಬೀಗ ಬಿದ್ದಿತ್ತು. ಇದೂ ಮುಚ್ಚಿದರೆ ಸರ್ಫರಾಜನ ವರ್ಕ್ ಪರ್ಮಿಟ್ಟಿಗೂ ಎಳ್ಳುನೀರು.

ಕೀಲಿ ಇದ್ದದ್ದು ಮೂವರ ಬಳಿ — ಸರ್ಫರಾಜ್, ಮ್ಯಾನೇಜರ್ ಡೆಕ್ಲನ್, ಮಾರಾಟ ವಿಭಾಗದ ಉಲ್ಲಾಸ್. ಭದ್ರತಾ ಅಧಿಕಾರಿ ಬಾನು ಮೂವರನ್ನೂ ಕರೆಸಿದರು.

"ನಿನ್ನೆ ಕೊನೇಲಿ ಬೀಗ ಹಾಕಿದ್ದು ಯಾರು?"

"ನಾನೇ ಮೇಡಂ," ಎಂದ ಸರ್ಫರಾಜ್. "ಕ್ಲೀನಿಂಗ್‌ನೋರು ಕೆಲ್ಸ ಮುಗಿಸಿ, ಒಳಗೆ ಹಾಕೋ ಸ್ಲಿಪ್ಪರ್ ಎಲ್ಲಾ ರ್‍ಯಾಕಿಗಿಟ್ರು, ಲಾಕ್ ಮಾಡ್ದೆ. ಅಲ್ಲಾನಾಣೆ, ಮತ್ತೆ ಬಂದಿಲ್ಲ."

"ನಾನು ರಾತ್ರಿಯೆಲ್ಲಾ ದೂರದ ಕಿಲ್ಕೆನ್ನಿ ಊರಲ್ಲಿದ್ದೆ," ಎಂದ ಉಲ್ಲಾಸ್. "ಇವನ ಮೇಲೆ ಡೌಟ್ ಬೇಡ ಮೇಡಂ. ಇವನ್ನ ಇಲ್ಲಿ ಸೇರಿಸಿದ್ದೇ ನಾನು."

ಬಾನು ನೆಲದತ್ತ ನೋಡಿದರು. ಹೊಸ್ತಿಲ ಬಳಿ ಒಂದು ಜೊತೆ ಸ್ಲಿಪ್ಪರ್ ಇತ್ತು. ಎಲ್ಲರೂ ಅದನ್ನು ದಾಟಿಕೊಂಡೇ ಓಡಾಡಿದ್ದರು.

"ಒಳಗೆ ಇನ್ನೊಂದ್ಸಲ ನೋಡೋಣ, ಬನ್ನಿ."

ಬೂಟು ಕಳಚಿ, ರ್‍ಯಾಕಿನ ಸ್ಲಿಪ್ಪರ್ ಮೆಟ್ಟಿ ಹೋದರು. ವಾಪಸ್ ಬಂದಾಗ ಡೆಕ್ಲನ್ ತನ್ನದನ್ನು ಒದ್ದು ಬಿಟ್ಟ, ಸರ್ಫರಾಜನದು ಒಂದು ಅತ್ತ, ಒಂದು ಇತ್ತ. ಉಲ್ಲಾಸ್ ಮಾತ್ರ ಬಗ್ಗಿ, ತನ್ನ ಜೊತೆಯನ್ನು ತಿರುಗಿಸಿ, ತುದಿ ಕೋಣೆಯ ಕಡೆಗಿರುವಂತೆ ಜೋಡಿಸಿದ.

"ಹಾಗೇ ನಿಲ್ಲಿ, ಉಲ್ಲಾಸ್!"

ಅವನ ಕೈ ಅಲ್ಲೇ ನಿಂತಿತು.

"ಹೊರಗೆ ಬಂದೋರು ಬಿಟ್ಟ ಸ್ಲಿಪ್ಪರ್ ಹೊರಗೇ ಮುಖ ಮಾಡುತ್ತೆ. ಮುಂದೆ ಬರೋರಿಗೆ ಅನುಕೂಲ ಆಗ್ಲಿ ಅಂತ ತಿರುಗಿಸಿಡೋದು ಜಪಾನಿನ ಪದ್ಧತಿ. ಅಲ್ಲಿ ಟ್ರೈನಿಂಗ್ ಮಾಡಿದೋರು ಇಲ್ಲಿ ನೀವೊಬ್ರೇ. ಕ್ಲೀನಿಂಗ್ ಆದ್ಮೇಲೆ ಬಂದ ಕಳ್ಳನೂ ಹಾಗೇ ಇಟ್ಟಿದಾನೆ, ನೋಡಿ!"

ಎರಡು ಜೊತೆಗಳೂ ಒಂದೇ ದಿಕ್ಕಿಗಿದ್ದವು. ಕದಿಯುವಾಗಲೂ ಕೈ ಅಭ್ಯಾಸ ಬಿಟ್ಟಿರಲಿಲ್ಲ. ಮಾದರಿ ಅವನ ಕಾರಿನ ಡಿಕ್ಕಿಯಲ್ಲಿ ಸಿಕ್ಕಿತು.

"ಪ್ರಾಜೆಕ್ಟ್ ವಿಯೆಟ್ನಾಮಿಗೆ ಹೋದ್ರೆ ಅಲ್ಲಿ ನಾನೇ ಹೆಡ್ ಆಗ್ತಿದ್ದೆ..." ಎಂದು ತೊದಲಿದ ಉಲ್ಲಾಸ್.

ಸರ್ಫರಾಜ್ ಅವನತ್ತ ತಿರುಗಿದ. "ನನ್ ಮಗಳು ನಿನ್ನ ಮಾಮಾ ಅಂತಾಳಲ್ಲೋ!"

ಮಧ್ಯಾಹ್ನ ಅತಿಥಿಗಳು ಬಂದರು. ಹಿರಿಯರು ಹೊಸ್ತಿಲಲ್ಲಿ ನಿಂತು, ಆ ಸ್ಲಿಪ್ಪರ್‌ಗಳನ್ನು ಕಂಡು ಮುಗುಳ್ನಕ್ಕರು.

"ನಮ್ಮ ಪದ್ಧತಿ! ಇದನ್ನು ಜೋಡಿಸಿದವರು ಯಾರು?"

ಸರ್ಫರಾಜ್ ಕೈಯಲ್ಲಿದ್ದ ಮಾದರಿಯನ್ನೇ ನೋಡುತ್ತಾ ಹೇಳಿದ:

"ನನ್ನ ಸ್ನೇಹಿತ."