ಹಳೇ ಲಿಮಿಟ್

"ಮುಟ್ಟಬೇಡಿ ನನ್ನ ಕೀಬೋರ್ಡ್‌ನ! ನಿಮ್ಮನ್ನ ನೋಡಿದ್ರೇ ಅಸಹ್ಯ ಆಗುತ್ತೆ!"

ತನ್ಮಯಿಯ ಕೂಗಿಗೆ ಅಮೆರಿಕದ ಲಿವೋನಿಯಾ ಊರಿನ ಆ ಆಫೀಸೇ ತಿರುಗಿ ನೋಡಿತು. ನೋಡಲು ಉಳಿದಿದ್ದವರಾದರೂ ಎಷ್ಟು ಜನ? 2009ರಲ್ಲಿ ವಾರವಾರವೂ ಲೇಆಫ್...

ಪಂಚಾಕ್ಷರಿ ಕೈ ಹಿಂದಕ್ಕೆಳೆದುಕೊಂಡ.

ಚಳಿಗಾಲವಿಡೀ ಅವಳ ಊಟದ ಡಬ್ಬಿಯಲ್ಲಿ ಪಾಲು ಪಡೆದವನು ಇವನೇ. ಧಾರವಾಡದವನು, ಮಾತು ಒರಟಾದರೂ ಮನಸ್ಸು ಮೆತ್ತಗೆ ಅಂದುಕೊಂಡು ಮೈಸೂರಿನ ಹುಡುಗಿ ಸೋತೇ ಹೋಗಿದ್ದಳು.

'ಥೂ! ಇಂಥವನಿಗಾ ನಾನು ದಿನಾ ಚಪಾತಿ ಹೆಚ್ಚು ಲಟ್ಟಿಸಿದ್ದು?'

ಇಬ್ಬರೂ ಸೇರಿ ಕಾರುಗಳ ಬ್ರೇಕ್ ಪರೀಕ್ಷೆಗೆ ಪೈಥಾನ್ ಭಾಷೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಬರೆದಿದ್ದರು. ಅವನ ಭಾಗ ಒಂದು ಫೈಲಿನಲ್ಲಿ, ಅವಳದು ಇನ್ನೊಂದರಲ್ಲಿ. ಒತ್ತಡದ ಲಿಮಿಟ್ ಮಾತ್ರ ಇಬ್ಬರಿಗೂ ಸೇರಿದ ಸೆಟಿಂಗ್ಸ್ ಫೈಲಿನಲ್ಲಿ. ಯಾವ ಕಾರು ಬಂದಿದೆಯೋ ನೋಡಿ ಅದನ್ನು ಬದಲಿಸುವುದು ಅವನ ಭಾಗದ ಕೆಲಸ. ಬದಲಿಸುತ್ತಿದೆ ಎಂದು ಆಣೆ ಮಾಡಿದ್ದ. ಆದರೂ ಅವಳ ರಿಪೋರ್ಟು ಹಳೇ ಲಿಮಿಟ್‌ನಲ್ಲೇ ಹೋಗಿ, ಗಿರಾಕಿ ಕಂಪನಿ ಕೆಂಡಾಮಂಡಲವಾಗಿತ್ತು. ತಪ್ಪು ಯಾರದೋ ಅವರ ಕೆಲಸ ಇವತ್ತೇ ಹೋಗುತ್ತದೆ ಎಂದಿದ್ದ ಮ್ಯಾನೇಜರ್ ಪ್ರಕಾಶ್.

"ನಿಮ್ಮ ಕೆಲಸ ಉಳಿಸ್ಕೊಳ್ಳೋಕೆ ನನ್ನ ಕುತ್ತಿಗೆ ಕುಯ್ದ್ರಲ್ಲ!"

"ಸುಳ್ಳ ಹೇಳಿಲ್ರೀ. ನಿಮ್ಮ ಫೈಲಿನ ಮೊದಲನೇ ಸಾಲು ನೋಡ್ರಿ."

ನೋಡಿದಳು. from settings import limit.

"ಶುರುವಿನಾಗ ಲಿಮಿಟ್ ತಗೊಂಡು ನಿಮ್ಮ ಕಡೆ ಇಟ್ಕೊಂಡೀರಿ. ಆಮ್ಯಾಲೆ ನಾ ಸೆಟಿಂಗ್ಸ್‌ನಾಗ ಬದಲ್ ಮಾಡಿದ್ದು ನಿಮಗ ಹೆಂಗ ಗೊತ್ತಾಗಬೇಕು? ಬರೇ import settings ಅಂತ ಬರದು, ಬೇಕಾದಾಗೆಲ್ಲ settings.limit ಅಂತ ಅಲ್ಲೇ ಕೇಳ್ಬೇಕ್ರಿ."

ತನ್ಮಯಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ಅಸಹ್ಯ ಈಗ ಅವನ ಮೇಲಲ್ಲ... ತನ್ನ ಮೇಲೆಯೇ! ಒಂದು ಮಾತೂ ವಿಚಾರಿಸದೆ ಇಡೀ ಆಫೀಸಿನೆದುರು ಉಗಿದೆನಲ್ಲ!

"ಪ್ರಕಾಶ್‌ಗೆ ಹೇಳಿದ್ರಾ?"

"ಇಲ್ರೀ. ಹೇಳಿದ್ರ ನಿಮ್ಮನ್ನ ತೆಗೀತಾರ."

ಅವಳು ಎದ್ದು ಸೀದಾ ಮ್ಯಾನೇಜರ್ ಕೋಣೆಗೆ ನಡೆದಳು.

ಹೊರಗೆ ಬಂದಾಗ ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಪಾರ್ಕಿಂಗ್ ಲಾಟಿನಲ್ಲಿ, ಗಬ್ಬು ನಾರುವ ಕಸದ ತೊಟ್ಟಿಯ ಪಕ್ಕ ತನ್ನ ಕಾರಿಗೆ ಒರಗಿ ಅವನು ಕಾಯುತ್ತಿದ್ದ.

"ಹೇಳೇಬಿಟ್ರೇನು?"

"ಹೂಂ, ತಪ್ಪು ನಂದೇ ಅಂದೆ. ಕೆಲಸ ಹೋಯ್ತು, ವೀಸಾನೂ ಹೋಗುತ್ತೆ..." ಅವಳ ದನಿ ಒಡೆಯಿತು. "ಈಗ ನಿಮಗೂ ನನ್ನ ಕಂಡ್ರೆ ಅಸಹ್ಯ, ಅಲ್ವಾ?"

"ಸಿಟ್ಟು ಬಂದೈತ್ರಿ, ಭಾಳ ಬಂದೈತಿ." ಅವನು ಪೆಟ್ಟಿಗೆ ಇಸಿದುಕೊಂಡ. "ನನ್ನ ಕೆಲಸ ಉಳದೈತಲ್ಲ. ಒಂದು ಪಗಾರ ಇಬ್ಬರಿಗೆ ಸಾಲಂಗಿಲ್ಲೇನು?"

ತನ್ಮಯಿ ಕಣ್ಣೊರೆಸಿಕೊಂಡು ಮೂಗು ಮುಚ್ಚಿಕೊಂಡಳು.

"ಛೀ! ಕಸದ ತೊಟ್ಟಿ ಪಕ್ಕ ನಿಂತ್ಕೊಂಡು ಮದುವೆ ಕೇಳ್ತಾರೇನ್ರೀ ಯಾರಾದ್ರೂ?"

"ಮತ್ತ ಎಲ್ಲಿ ಕೇಳ್ಲಿ?"

ಅವಳು ತನ್ನ ಕಾರನ್ನು ಅಲ್ಲೇ ಬಿಟ್ಟು, ಅವನ ಕಾರಿನಲ್ಲಿ ಹೋಗಿ ಕೂತಳು.

"ಪಕ್ಕದೂರು ಕ್ಯಾಂಟನ್‌ಗೆ, ನಮ್ಮಕ್ಕನ ಮನೆಗೆ ಡ್ರೈವ್ ಮಾಡಿ. ಅವಳ ಎದುರಿಗೆ ಕೇಳಿ."